ಕಿಟಕಿ ಬಿಟ್ಟು ಕದಲದ ನಾಯಕಿ

ಮುನ್ನೂರು ಪುಟ ಓದಿ ಮುಗಿಸಿದವರನ್ನು ‘ಏನಾಯ್ತು ಕತೆ?’ ಎಂದು ಕೇಳಿ. ಅವರು ತಲೆ ಕೆರೆದುಕೊಂಡರೆ ಅದು ‘ಮಹತ್ವದ ಕಾದಂಬರಿ’ ಎಂದು ತಿಳಿಯಿರಿ.

ಈ ಜ್ಞಾನ ನನಗೆ ಬಂದದ್ದು ಬಸ್ಸಿನಲ್ಲಿ. ಬೀದರ್ ಕಡೆಯ ನನ್ನ ಗಂಡನಿಗೆ ನಾಸಿಕ್‌ನಲ್ಲಿ ಪೈಪಿನ ಅಂಗಡಿ. ನನಗೆ ಬ್ಯಾಂಕು. ಹೋದ ವರ್ಷ ಬ್ಯಾಂಕಿನವರು ನನ್ನನ್ನು ಎತ್ತಿ ಸಂಭಾಜಿನಗರಕ್ಕೆ ಹಾಕಿದರು. ಅಂದಿನಿಂದ ಶನಿವಾರ ನಾಸಿಕ್‌ಗೆ, ಭಾನುವಾರ ವಾಪಸ್. ಬಸ್ಸಿನಲ್ಲಿ ಕನ್ನಡ ಕಾದಂಬರಿ ಓದುತ್ತೇನೆ. ಮನೆಗೆ ಹೋಗಿ ಊಟಕ್ಕೆ ಕೂತಾಗ ಅದರ ಕತೆಯನ್ನು ಮಗಳು ಗೌರಿಗೆ ಹೇಳುತ್ತೇನೆ.

ಗೌರಿ ಹುಟ್ಟಿ ಬೆಳೆದದ್ದೆಲ್ಲ ನಾಸಿಕ್‌ನಲ್ಲಿ. ಈಗ ಕಾಲೇಜು. ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮರಾಠಿ. ಅಕ್ಷರ ಕಲಿಸಿದ್ದೇನೆ, ಕೂಡಿಸಿ ಓದುವ ತಾಳ್ಮೆ ಅವಳಿಗಿಲ್ಲ. (ಅವಳಪ್ಪನೂ ಅವಳೊಂದಿಗೆ ಮರಾಠಿಯೇ. ಕೇಳಿದರೆ ‘ರೂಢಿ ಆಗ್ಯಾದ’ ಎನ್ನುತ್ತಾರೆ.) ವಾರಕ್ಕೆ ಅವಳ ಪಾಲಿನ ಕನ್ನಡವೆಂದರೆ ಆ ಊಟದ ಹೊತ್ತಿನ ಕತೆ, ಅಷ್ಟೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಹಳೆಯ ಪತ್ತೇದಾರಿಗಳು, ಅತ್ತೆ-ಸೊಸೆ ಜಗಳದ ಕಾದಂಬರಿಗಳು. ನಾನು ನೀರು ಕುಡಿಯಲು ನಿಲ್ಲಿಸಿದರೂ ಸಾಕು, ‘ಮಗ ಕಾಯ್ ಝಾಲಂ?’ ಎನ್ನುತ್ತಿದ್ದಳು. ಮುಂದೇನಾಯಿತು ಎಂಬ ಆ ಒಂದು ಪ್ರಶ್ನೆಗಾಗಿ ನಾನು ಸೀಟು ಸಿಗದಿದ್ದರೂ ಅರ್ಧ ದಾರಿಯ ವೈಜಾಪುರದವರೆಗೆ ನಿಂತುಕೊಂಡೇ ಓದುತ್ತ ಬಂದದ್ದೂ ಇದೆ.

ಆಮೇಲೆ ನನಗೆ ದುರ್ಬುದ್ಧಿ ಬಂತು. ದೊಡ್ಡವರೆಲ್ಲ ಹೊಗಳಿದ ಮೂರು ಹೊಸ ಕಾದಂಬರಿ ತರಿಸಿದೆ.

ಮೊದಲನೆಯದರ ನಾಯಕ ಕಾಫಿ ಮಾಡುತ್ತಾನೆ. ಕುಡಿಯುತ್ತಾನೆ. ಅವನಿಗೆ ಬದುಕು ಶೂನ್ಯ ಎನ್ನಿಸುತ್ತದೆ. ನಲವತ್ತು ಪುಟ ಕಳೆದ ಮೇಲೆ ಇನ್ನೊಂದು ಕಪ್ ಮಾಡುತ್ತಾನೆ.

‘ಕೆಲ್ಸಾ ಇಲ್ಲೇನ ಅವಂಗ?’ ಎಂದರು ನನ್ನ ಗಂಡ.

ಇರಲಿಕ್ಕಿಲ್ಲ. ಮನೆ ಬಾಡಿಗೆ ಯಾರು ಕಟ್ಟುತ್ತಾರೆಂದು ಲೇಖಕರೂ ಹೇಳುವುದಿಲ್ಲ.

ಎರಡನೆಯದು ಚಾರಿತ್ರಿಕ, ಇಟ್ಟಿಗೆಯಷ್ಟು ದಪ್ಪ. ವೈಜಾಪುರ ಬರುವಷ್ಟರಲ್ಲಿ ರಾಜನ ಸೈನ್ಯ ಹೊರಡಬಹುದು ಎಂದುಕೊಂಡೆ. ನಾನು ನಾಸಿಕ್ ಮುಟ್ಟಿದೆ, ಸೈನ್ಯ ಇನ್ನೂ ಕೋಟೆಯಲ್ಲೇ ಇತ್ತು. (ಸೇನಾಪತಿಯ ಭಾಷಣ ಮುಗಿದಿರಲಿಲ್ಲ.) ಬೆನ್ನುಪುಟದಲ್ಲಿ ‘ಕಾದಂಬರಿ ಲೋಕದ ಮೈಲಿಗಲ್ಲು’ ಎಂದು ಬರೆದಿತ್ತು. ಸರಿಯೇ ಇದೆ. ಮೈಲಿಗಲ್ಲು ಕೂತಲ್ಲಿಂದ ಎದ್ದು ಹೋದದ್ದುಂಟೆ?

ಮೂರನೆಯದರ ನಾಯಕಿ ಕಿಟಕಿಯಲ್ಲಿ ನಿಂತು ಆಚೆ ನೋಡುತ್ತಾಳೆ. ಗಂಡನೊಂದಿಗೆ ಏನೋ ಸರಿಯಿಲ್ಲ. ಏನೆಂದು ನಾವು ಕೇಳಬಾರದು, ಅದು ಸೂಚ್ಯ. ಅವಳೊಳಗೆ ಪುಟಗಟ್ಟಲೆ ಮೌನ ಹರಡಿಕೊಳ್ಳುತ್ತದೆ. ಅಲ್ಲಾ ಸ್ವಾಮಿ, ನಾನೂ ವರ್ಷದಿಂದ, ಸಿಕ್ಕಾಗಲೆಲ್ಲ, ಕಿಟಕಿ ಸೀಟಿನಲ್ಲೇ ಕೂತು ಓಡಾಡುತ್ತಿದ್ದೇನೆ. ಕಂಡದ್ದು ಲಾಸಲಗಾಂವ್ ಮಾರ್ಕೆಟ್ಟಿಗೆ ಹೊರಟ ಈರುಳ್ಳಿ ಟ್ರ್ಯಾಕ್ಟರು, ಸಿಕ್ಕಿದ್ದು ಮೂಗಿನ ತುಂಬ ಧೂಳು. ಜ್ಞಾನೋದಯ ಒಮ್ಮೆಯೂ ಆಗಲಿಲ್ಲ.

‘ಮಗ ಕಾಯ್ ಝಾಲಂ?’ ಎಂದಳು ಗೌರಿ.

‘ಏನೂ ಆಗಿಲ್ಲವ್ವಾ. ಕಿಡಕ್ಯಾಗ ನಿಂತಾಳ.’

‘ಅಜೂನ್?’

‘ಹೂಂ, ಇನ್ನೂ.’

ಅವಳು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು. ಹೊಗಳಿ ಬರೆದವರಿಗೇನು, ಅವರ ಗಂಟು ಹೋಗುವುದಿಲ್ಲ. ಹೋಗುವುದು ನನ್ನ ಮಗಳ ಕನ್ನಡ.

ಹೋದ ಶನಿವಾರ ಊಟಕ್ಕೆ ಕೂತಾಗ ಗಟ್ಟಿ ಮನಸ್ಸು ಮಾಡಿದೆ. ಪುಸ್ತಕದಲ್ಲಿ ಇಲ್ಲದಿದ್ದರೂ, ಕಿಟಕಿಯವಳ ಕೈಗೆ ಒಂದು ಬ್ಯಾಗ್ ಕೊಟ್ಟು ಮನೆಯಿಂದ ಹೊರಡಿಸಿಬಿಟ್ಟೆ. ತ್ರ್ಯಂಬಕೇಶ್ವರದ ಜೀಪು ಹತ್ತಿಸಿದೆ. ಗಂಡ ಹುಡುಕಿಕೊಂಡು ಬಂದರೆ ಸಿಗಬಾರದೆಂದು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಪಕ್ಕದಲ್ಲಿ ಮುಖದ ತುಂಬ ಸೆರಗೆಳೆದುಕೊಂಡ ಹೆಂಗಸೊಬ್ಬಳು. ಗಾಳಿಗೆ ಸೆರಗು ಸರಿದರೆ, ಯಾರು? ಅವಳ ಅತ್ತೆ! ಯಾರಿಗೂ ಹೇಳದೆ ಅವರೂ ಮನೆ ಬಿಟ್ಟು ಓಡಿಬಂದಿದ್ದರು.

ಒಂದು ಇಯರ್‌ಫೋನ್ ಹೊರಗೆ ಬಂತು. ಆಮೇಲೆ ಇನ್ನೊಂದು.

‘ಮಗ ಕಾಯ್ ಝಾಲಂ?’

‘ಉಳಿದದ್ದು ಬರೋ ವಾರ’ ಎಂದು ಕೈ ತೊಳೆಯಲು ಎದ್ದೆ. (ಉಳಿದದ್ದು ನನಗೂ ಗೊತ್ತಿರಲಿಲ್ಲ.)

ಭಾನುವಾರ ನಾನು ಹೊರಟು ನಿಂತಾಗ ಗೌರಿ ಬಂದು ಕೈ ಚಾಚಿದಳು.

‘ಮಮ್ಮಿ, ಆ ಬುಕ್ ಇಲ್ಲೇ ಬಿಟ್ಟು ಹೋಗು. ನಾನೇ ಓದತೀನಿ. ಹಳೂ ಹಳೂ ಓದತೀನಿ.’

ಕನ್ನಡದಲ್ಲೇ ಹೇಳಿದಳು. ಹುಟ್ಟಿದಾಗಿನಿಂದ ಅವಳು ಒಂದು ಕನ್ನಡ ಪುಸ್ತಕ ಕೇಳಿದ್ದು ಅದೇ ಮೊದಲು. ಇದಕ್ಕಾಗಿ ನಾನು ಹರಕೆ ಹೊರುವುದೊಂದು ಬಾಕಿಯಿತ್ತು, ಅಷ್ಟೆ. ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ಬ್ಯಾಂಕಿನಲ್ಲಿ ಮರೆತು ಬಂದೆ, ಮುಂದಿನ ವಾರ ತರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬ್ಯಾಗು ತೊಡೆಯ ಮೇಲೆ ಕಲ್ಲಿನಂತೆ ಕೂತಿತ್ತು.

ಮಾನ್ಯ ಕಾದಂಬರಿಕಾರರೇ, ಶನಿವಾರದೊಳಗೆ ಆ ಹೆಂಗಸನ್ನು ಕಿಟಕಿಯಿಂದ ಕದಲಿಸುತ್ತೀರೋ, ಇಲ್ಲಾ ನೀವೇ ನಾಸಿಕ್‌ಗೆ ಬಂದು ನನ್ನ ಮಗಳಿಗೆ ಉತ್ತರ ಕೊಡುತ್ತೀರೋ?