ಬಸ್ ಹತ್ತುವ ತರಬೇತಿ

ಮಾನಸಿಕ ಆಸ್ಪತ್ರೆಯ ನಮ್ಮ ಬೀಗದ ವಾರ್ಡಿನಲ್ಲಿ ಅವರನ್ನು ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಿದ್ದರು. ಹದಿನೇಳು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ಕಾಯಿಲೆ ತಲೆಗೇರಿದ ಒಂದು ಮಧ್ಯಾಹ್ನ ಮೈದುನನಿಗೆ ಚಾಕು ಹಾಕಿದ್ದರು. ಆತ ಬದುಕಿದ, ಇವರು ಕೋರ್ಟಿನ ಆದೇಶದ ಮೇಲೆ ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ನಾನು ಆ ವಾರ್ಡಿನ ನರ್ಸು.

ಅವರಿಗೆ ಬೇಕಾಗಿದ್ದದ್ದು ಒಂದೇ. ತಾಯಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವುದರೊಳಗೆ ಒಮ್ಮೆ ಎದುರಿಗೆ ನಿಲ್ಲಬೇಕು. ಅದಕ್ಕೆ ಪುನರ್ವಸತಿ ಸಮಿತಿಯ ನಿಯಮವೊಂದಿತ್ತು: ನನ್ನ ಜೊತೆ ಮೂರು ಸಲ ಬಸ್ಸಿನಲ್ಲಿ ಹೋಗಿ, ಮೂರೂ ಸಲ ಶಾಂತವಾಗಿ ವಾಪಸು ಬರಬೇಕು. ಮೀನಿಗೆ ಈಜು ಕಲಿಸುವ ಕೆಲಸ ಎಂದು ನಾನು ನಕ್ಕೆ. ಅವರೂ ನಕ್ಕು, "ಸಿಸ್ಟರ್, ಕಿಟಕಿ ಸೀಟು ನಿಮಗೇ ಬಿಟ್ಕೊಡ್ತೀನಿ ಬಿಡಿ" ಎಂದರು.

ಎರಡು ಸಲ ಸುಸೂತ್ರವಾಯಿತು. ಮೂರನೆಯ ಸಲ ಬಸ್ಸು ಕಿಕ್ಕಿರಿದಿತ್ತು, ಮೆಟ್ಟಿಲ ಮೇಲೆ ಜನ ಜೋತುಬಿದ್ದಿದ್ದರು. ಕಂಡಕ್ಟರಮ್ಮ ಎದ್ದೇಬಿಟ್ಟರು.

"ಒಳಗ್ ನಡೀರಿ, ಒಳಗ್ ನಡೀರಿ! ಮಧ್ಯ ಅಷ್ಟು ಜಾಗ ಇದೆ. ಬಾಗ್ಲಿಗೇನ್ ಅಂಟು ಹಚ್ಚಿದಾರಾ?"

ಜನ ನಗುತ್ತಲೇ ಸರಿದರು. ಆರು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿರಲಿಲ್ಲ.

ಆದರೆ ನಾನು ತುಂಬಬೇಕಾದ ಹಾಳೆಯಲ್ಲಿ 'ಅಪರಿಚಿತರ ಮೇಲೆ ಕೂಗಿದರೇ?' ಎಂಬ ಪ್ರಶ್ನೆಯಿತ್ತು. ಹೌದು ಎಂದು ಬರೆದೆ. ಬೇರೆ ಬರೆಯಲು ನೌಕರಿಯ ಭಯ. ಸಮಿತಿಯವರು 'ಉದ್ವೇಗ' ಎಂದು ಷರಾ ಹಾಕಿ, ಮೊದಲಿನಿಂದ ಶುರುಮಾಡಲು ಹೇಳಿದರು. ಸರದಿ ಮತ್ತೆ ಬರಲು ನಾಲ್ಕು ತಿಂಗಳು ಹಿಡಿಯಿತು. ನಾನು ಆ ಹಾಳೆ ತುಂಬಿದ ದಿನ ತಾಯಿಗಿನ್ನೂ ಮುಖ ಮಸುಕಾಗಿ ಕಾಣುತ್ತಿತ್ತಂತೆ. ಹೌದು ಎಂದು ಬರೆಯುವಾಗ ನನ್ನ ಕೈ ಸೇದಿಹೋಗಬಾರದಿತ್ತೇ!

ಆಮೇಲಿನ ಮೂರೂ ಪ್ರಯಾಣಗಳಲ್ಲಿ ಕಂಡಕ್ಟರಮ್ಮ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ಬಾಯಿಗೆ ಬೀಗ ಹಾಕಿ ಕೂತರು. ಕೊನೆಯ ದಿನ ಅಜ್ಜಿಯೊಬ್ಬರು ಇನ್ನೂ ಇಳಿಯುತ್ತಿರುವಾಗಲೇ ಬಸ್ಸು ಹೊರಟಿತು. ನನಗಿಂತ ಮೊದಲು ಕಂಡಕ್ಟರಮ್ಮ ಅದನ್ನು ನೋಡಿದರು. ಬಾಯಿ ತೆರೆದವರು ನನ್ನ ಕೈಲಿದ್ದ ಹಾಳೆ ನೋಡಿ ಮುಚ್ಚಿಕೊಂಡರು. ಅಜ್ಜಿ ಬಿದ್ದರು. ಪುಣ್ಯಕ್ಕೆ ಮಂಡಿ ತರಚಿದ್ದಷ್ಟೆ. ವಾರ್ಡಿಗೆ ಬಂದ ಮೇಲೆ ಕಂಡಕ್ಟರಮ್ಮ ಬಚ್ಚಲಿಗೆ ಹೋಗಿ ಅತ್ತರು. ನಾನು 'ಶಾಂತವಾಗಿದ್ದರು' ಎಂದು ಬರೆದೆ.

ಅನುಮತಿ ಸಿಕ್ಕಿತು. ತಾಯಿಯ ಮನೆಗೆ ನಾನೇ ಕರೆದುಕೊಂಡು ಹೋದೆ. ಅಷ್ಟು ಹೊತ್ತಿಗೆ ಆಕೆಗೆ ಬೆಳಕೂ ತಿಳಿಯುತ್ತಿರಲಿಲ್ಲ.

"ಬಂದ್ಯೇನೇ? ಮಾತಾಡೇ, ನಿನ್ ದನಿ ಕೇಳಿದ್ರೆ ಸಾಕು ನಂಗೆ."

ಕಂಡಕ್ಟರಮ್ಮ ನನ್ನತ್ತ ನೋಡಿದರು. ನಾನು ಮಾತಾಡಿ ಎಂದು ತಲೆಯಾಡಿಸಿದೆ. ಆದರೂ, "ಬಂದೆ ಕಣಮ್ಮ" ಎಂದು ಪಿಸುಗುಟ್ಟಿದರು, ಅಷ್ಟೆ.

ತಾಯಿ ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇವ್ಳ್ಯಾರಮ್ಮ? ನನ್ ಮಗಳನ್ನ ಕರ್ಕೊಂಡ್ ಬರ್ಲಿಲ್ವಾ?"