ತಂಗಿ ಹೊರಡುವ ದೇಶದ ಊಟ

ಕಾನ್ವೆಂಟ್ ಸೇರಿ ಸಿಸ್ಟರ್ ಆಗಿ, ನರ್ಸಿಂಗ್ ಕಲಿತಿದ್ದ ನನ್ನ ತಂಗಿಯನ್ನು ಮಿಷನ್ ಸೇವೆಗೆಂದು ಆಫ್ರಿಕಾದ ಮಲಾವಿಗೆ ಕಳಿಸುತ್ತಾರೆಂದು ಗೊತ್ತಾದಾಗ ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಸುಮ್ಮನಾದಳು. ಅವಳು ಸುಮ್ಮನಾದರೆ ಕಮತಗಿಯ ನಮ್ಮ ಮನೆಯಲ್ಲಿ ನೀರು ಕೇಳಿ ಕುಡಿಯಲೂ ಹೆದರಿಕೆ. ರಜೆಗೆ ಬಂದ ತಂಗಿ ಒಂದೇ ಮಾತು ಹೇಳಿದಳು: ಅವ್ವ ಬಾಯಿತುಂಬ ‘ಹೋಗಿ ಬಾ’ ಅನ್ನದೆ ತಾನು ವಿಮಾನ ಹತ್ತುವುದಿಲ್ಲ.

ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ವಿದ್ಯಾಗಿರಿಯ ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನಿಗೆ ಇದೇನು ಮಹಾ ಅಂದುಕೊಂಡೆ. ಮೊಬೈಲಿನಲ್ಲಿ ನಕಾಶೆ ತೆಗೆದು, ಅಲ್ಲಿ ಸಮುದ್ರದಂಥ ಕೆರೆ ಇದೆ ಎಂದು ತೋರಿಸಿದೆ. ಯಾವ ಊರು ಮುಳುಗಿಸಿ ಮಾಡಿದ್ದು ಎಂದು ಅವ್ವ ಕೇಳಿದಳು. ಅವಳ ತವರಿನ ಓಣಿ ಹಳೇ ಬಾಗಲಕೋಟೆಯಲ್ಲಿತ್ತು, ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಇದು ತಾನಾಗಿ ಆದ ಕೆರೆ, ಯಾರ ಮನೆಯೂ ಹೋಗಿಲ್ಲ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮಳೆ, ಬೆಟ್ಟ, ರಾಜಧಾನಿ ಯಾವುದೂ ಅವಳಿಗೆ ಬೇಡ.

“ಏನ ಉಣ್ತಾರ?” ಎಂದಳು.

ಗೋವಿನಜೋಳದ ಹಿಟ್ಟಿನ ಮುದ್ದೆ ಎಂದುಬಿಟ್ಟೆ. ಅಲ್ಲಿಗೆ ಕೆಟ್ಟಿತು. ಎಮ್ಮೆಗೆ ಬೇಯಿಸಿ ಹಾಕುವುದನ್ನು ತನ್ನ ಮಗಳು ಉಣ್ಣಬೇಕೇ ಎಂದು ಎದ್ದುಹೋದಳು.

ಮರುದಿನ ತಂಗಿಯೇ ಅವಳ ಪಕ್ಕ ಕೂತು, ಮೊದಲೇ ಅಲ್ಲಿಗೆ ಹೋಗಿದ್ದ ಸಿಸ್ಟರ್ ಒಬ್ಬರು ಕಳಿಸಿದ ವಿಡಿಯೊ ಹಚ್ಚಿದಳು. ಅಂಗಳದಲ್ಲಿ ಊಟಕ್ಕೆ ಕೂತ ಮಂದಿ. ಹುಡುಗಿಯೊಬ್ಬಳು ಮಂಡಿಯೂರಿ, ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರ ಕೈಮೇಲೂ ನೀರು ಹಾಕುತ್ತಾಳೆ. ಆಮೇಲೆ ಎಲ್ಲರೂ ಮುದ್ದೆ ಮುರಿಯುತ್ತಾರೆ. ಅವ್ವ ಇನ್ನೊಮ್ಮೆ ಹಚ್ಚಿಸಿದಳು, ಮತ್ತೂ ಒಮ್ಮೆ. ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡದವರನ್ನು ಅವಳು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸಂಜೆ ನನ್ನನ್ನು ಗಿರಣಿಗೆ ಅಟ್ಟಿದಳು. ಗೋವಿನಜೋಳ ನುಣ್ಣಗೆ ಬೀಸಿಕೊಡಿ ಎಂದರೆ ಗಿರಣಿಯವನು, “ಎಮ್ಮಿ ಈದೈತೇನ್ರಿ ಸರ?” ಎಂದ. ಇಲ್ಲ, ತಂಗಿ ಹೊರಟಿದ್ದಾಳೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಮೊದಲ ಸಲ ತಂಗಿ ಮಾಡಿದ ಮುದ್ದೆ ಗಂಟಾಯಿತು, ಅದು ಎಮ್ಮೆಗೇ ಹೋಯಿತು. ಎರಡನೆಯದು ಎಣ್ಣೆಗಾಯಿಯ ಜೊತೆ ತಾಟಿಗೆ ಬಂತು. ಊಟಕ್ಕೆ ನಾವು ಮೂವರೇ. ತಂಗಿ ತಂಬಿಗೆ ಹಿಡಿದು ಬಂದು ಅವ್ವನ ಮುಂದೆ ಮಂಡಿಯೂರಿದಳು. ಅವ್ವ ಬೇಡ ಅನ್ನಲಿಲ್ಲ. ಎರಡೂ ಕೈ ಚಾಚಿ ನೀರು ಹಾಕಿಸಿಕೊಂಡಳು, ತುತ್ತು ಮುರಿದು ನಿಧಾನವಾಗಿ ಅಗಿದಳು.

“ಉಪ್ಪ ಇಲ್ಲಲ್ಲ.”

“ಅಲ್ಲಿ ಮುದ್ದಿಗೆ ಉಪ್ಪ ಹಾಕಂಗಿಲ್ಲವ್ವಾ.”

“ಹಂಗಾರ ಶೇಂಗಾ ಚಟ್ನಿ ಕಟ್ಟಿ ಕೊಡ್ತೇನಿ. ಹೋಗಿ ಬಾ.”

ನನಗೆ ಅಳು ತಡೆಯಲಾಗಲಿಲ್ಲ. ಅವ್ವ ನನ್ನ ಕಡೆ ನೋಡದೆ ಇನ್ನೊಂದು ತುತ್ತು ಮುರಿದು, ಎಣ್ಣೆಗಾಯಿಗೆ ಹಚ್ಚಿ, ತಂಬಿಗೆ ಹಿಡಿದೇ ಇದ್ದ ಮಗಳ ಬಾಯಿಗೆ ಇಟ್ಟಳು.