ದೀಪ ಹಚ್ಚಿದ ಮೇಲಿನ ಕಸ

ತಿಕೋಟಾದ ಬಸ್ಸಿನಿಂದ ಇಳಿದು ಮನೆ ಸೇರುವಷ್ಟರಲ್ಲಿ ಸೀತವ್ವನಿಗೆ ಸಾಕುಸಾಕಾಗಿರುತ್ತಿತ್ತು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಅಕ್ಕೋರು. ದಿನವಿಡೀ ಮಗ್ಗಿ ಹೇಳಿಸಿ ಗಂಟಲು ಒಣಗಿ, ಬಸ್ಸಿನಲ್ಲಿ ನಿಂತು ಕಾಲು ಬಾತು, ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಬರುವ ಹೊತ್ತಿಗೆ ಅತ್ತೆ ಮುರಿಗೆವ್ವ ದೇವರ ಮುಂದೆ ದೀಪ ಹಚ್ಚಿರುತ್ತಿದ್ದಳು. ನೆಲದ ತುಂಬ ಶೇಂಗಾ ಸಿಪ್ಪೆ, ಬತ್ತಿ ಹೊಸೆದ ಅರಳೆಯ ಎಳೆ, ಮಕ್ಕಳು ಚೆಲ್ಲಿದ ಚುರುಮುರಿ. ಆದರೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಕಸಬರಿಗೆ ಮುಟ್ಟುವ ಹಾಗಿರಲಿಲ್ಲ. ಕಸದ ಜೊತೆ ಲಕ್ಷ್ಮಿಯೂ ಹೊರಗೆ ಹೋಗುತ್ತಾಳಂತೆ.

ನೋಡಿದವರು ಇದನ್ನು ಸೊಸೆಯ ಪಾಡು ಅಂದುಕೊಂಡಾರು. ಪಾಡಲ್ಲ, ಪುಣ್ಯ! ಕೈಕಾಲು ತೊಳೆದು, ಸಿಪ್ಪೆಯನ್ನು ಕಾಲಿನಿಂದ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳೆಂದರೆ ಒಲೆ ಹೊತ್ತಿಸುವ ತನಕ ಅವಳನ್ನು ಏಳಿಸುವವರು ಯಾರೂ ಇರಲಿಲ್ಲ. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ ಹೊತ್ತು. ಕಸ ಬೆಳಿಗ್ಗೆಗೆ.

ಎಪ್ಪತ್ತೇಳನೇ ಇಸವಿಯಲ್ಲಿ ಅದಕ್ಕೂ ಕಲ್ಲು ಬಿತ್ತು. ಒಂದು ಸಂಜೆ, ನಾದಿನಿಯನ್ನು ಕೊಟ್ಟ ಬಬಲೇಶ್ವರದ ಬೀಗರು ಹೇಳದೆ ಕೇಳದೆ ಬಂದು ಕೂತರು. ಬೀಗತಿಯ ಇಳಕಲ್ ಸೀರೆಗೆ ಅರಳೆ ಮೆತ್ತಿಕೊಂಡಿತು. ಸೀತವ್ವನ ಗಂಡ ಖಂಡಪ್ಪನ ಮುಖ ಹುಳ್ಳಗಾಯಿತು. ಈ ಖಂಡಪ್ಪ ಅರಳೆ ಮಾರುಕಟ್ಟೆಯ ಕಚೇರಿಯಲ್ಲಿ ಗುಮಾಸ್ತ. ಮನೆಗೆ ಬಂದರೆ ರೇಡಿಯೋದ ಬುಡ ಬಿಟ್ಟು ಏಳದ ಆಸಾಮಿ. ಒಂದು ಕಡ್ಡಿ ಎತ್ತಿ ಅತ್ತ ಇಟ್ಟವನಲ್ಲ, ಮರ್ಯಾದೆ ಮಾತ್ರ ಇವನದೇ ಹೋಗಬೇಕು!

“ಕಸಾ ಎಳಕೊಳ್ಳೋ ಕೈಮಷೀನ ಬಂದಾವಂತ,” ಅಂದ ಅವತ್ತು ರಾತ್ರಿ. “ಅಬ್ದುಲಸಮದನ ಅಂಗಡ್ಯಾಗ ಎರಡು ನಮೂನಿ ಅದಾವ. ನಾ ಮಾತಾಡೇನಿ, ನಾಳೆ ನೀನ ಹೋಗಿ ಆರಿಸ್ಕೊಂಡು ಬಾ. ಅದೇನ ಕಸಬರಿಗಿ ಅಲ್ಲಲ್ಲ, ದೀಪಾ ಹಚ್ಚಿದ ಮ್ಯಾಲೂ ನಡೀತೈತಿ.”

ತನಗಿದ್ದ ಒಂದು ಗಳಿಗೆಯೂ ಹೋಯಿತಲ್ಲ! ಅತ್ತೆಯಾದರೂ ಬೇಡ ಅಂದಾಳೆಂದು ಸೀತವ್ವ ಅವಳ ಮುಖ ನೋಡಿದಳು. ಮುರಿಗೆವ್ವ ಬತ್ತಿ ಹೊಸೆಯುತ್ತಲೇ ಮಗನನ್ನು ಕೇಳಿದಳು: “ಎಳಕೊಂಡ ಕಸಾ ಎಲ್ಲಿ ಹೋಗ್ತೈತೋ?”

“ಅದರ ಬೆನ್ನಿಗೆ ಚೀಲಾ ಇರ್ತೈತಿ ಬೇ. ಅದರಾಗ ಉಳೀತೈತಿ.”

ಮುರಿಗೆವ್ವ ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟಳು. “ಹಂಗಾರ ಹೊಸ್ತಿಲಾ ದಾಟೂದಿಲ್ಲ. ತರ್ಲಿ ಬಿಡು.”

ನಂಬಿದ ಎಮ್ಮೆ ಕೋಣ ಈದಂತಾಯಿತು.

ಮರುದಿನ ಸಂಜೆ ಅಬ್ದುಲಸಮದ ಎರಡನ್ನೂ ಅಂಗಡಿಯ ಮೇಜಿನ ಮೇಲಿಟ್ಟ. ಒಂದು ಕೈಯಿಂದ ತಳ್ಳುವ ತಗಡಿನ ಡಬ್ಬಿ, ಅಡಿಯಲ್ಲಿ ಉರುಳುವ ಬ್ರಶ್ಶು. ಇನ್ನೊಂದು ಮುಂಬಯಿಯಿಂದ ತರಿಸಿದ ಕರೆಂಟಿನದು, ತಂಬಿಗೆಯಷ್ಟು ದಪ್ಪ, ಹಿಂದೆ ಬಟ್ಟೆಯ ಚೀಲ. ನೆಲಕ್ಕೆ ರವೆ ಚೆಲ್ಲಿ ಡಬ್ಬಿ ತಳ್ಳಿ ತೋರಿಸಿದ. ಅದು ಸದ್ದಿಲ್ಲದೆ ರವೆ ಎತ್ತಿಕೊಂಡಿತು.

“ಇದನ್ನ ತಗೋರಿ ಅಕ್ಕೋರ. ಕರೆಂಟ ಬ್ಯಾಡ, ಸಪ್ಪಳಿಲ್ಲ. ಮನ್ಯಾಗ ಯಾರ ಮಲಗಿದ್ರೂ ಎಚ್ಚರಾಗೂದಿಲ್ಲ.”

ಆಮೇಲೆ ಇನ್ನೊಂದರ ಗುಂಡಿ ಒತ್ತಿದ. ಯಪ್ಪಾ, ಹಿಟ್ಟಿನ ಗಿರಣಿಯನ್ನೇ ಮನೆಯೊಳಗೆ ತಂದಂತೆ ಸದ್ದು! ಅಂಗಡಿಯ ಗೋಡೆಯ ಮಾಡದಲ್ಲಿದ್ದ ರೇಡಿಯೋದಲ್ಲಿ ಬರುತ್ತಿದ್ದ ಹಾಡು ಗರಗರ ಅಂದು ಕೆಟ್ಟುಹೋಯಿತು.

“ಇದರದೊಂದ ಐಬ ನೋಡ್ರಿ,” ಅಬ್ದುಲಸಮದ ಸಂಕೋಚದಿಂದ ಅಂದ. “ಇದು ಚಾಲೂ ಇದ್ರ ರೇಡಿಯೋ ಕೇಳಾಕ ಬರೂದಿಲ್ಲ.”

ಸೀತವ್ವನ ದಣಿದ ಕಣ್ಣು ಅಗಲವಾದವು. “ಇನ್ನೊಮ್ಮೆ ಹಚ್ರಿ,” ಅಂದಳು. ಹಚ್ಚಿದ. ಮತ್ತೆ ಗರಗರ.

“ಇದನ್ನ ಕಟ್ರಿ.”

“ಡಬ್ಬಿ ಚಲೋ ಇತ್ತಲ್ರಿ ಅಕ್ಕೋರ...”

“ನನಗ ಇದ ಚಲೋ ಕಾಣಸ್ತೈತ್ರಿ.”

ಕಲಿತವರು ಹೀಗೇಕೆ ಎಂದು ಅಬ್ದುಲಸಮದ ಮರುಗುತ್ತಲೇ ಕಟ್ಟಿಕೊಟ್ಟ.

ಮನೆಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಖಂಡಪ್ಪ ರೇಡಿಯೋಕ್ಕೆ ಕಿವಿ ಕೊಟ್ಟಿದ್ದ. ಧಾರವಾಡದಿಂದ ವಾರ್ತೆ ಶುರುವಾಗಿತ್ತು. ಸೀತವ್ವ ಕೈಕಾಲು ತೊಳೆದು ಮಷೀನಿನ ಗುಂಡಿ ಒತ್ತಿದಳು. ವಾರ್ತೆಯೆಲ್ಲ ಗರಗರ.

“ಏ ಏ, ಸ್ವಲ್ಪ ತಡಿ!”

ನಿಲ್ಲಿಸಿದಳು. ವಾರ್ತೆ ಮತ್ತೆ ಬಂತು. ಮತ್ತೆ ಒತ್ತಿದಳು.

“ಮತ್ತ ಹಚ್ಚಿದಿ?”

“ಕಸಾ ಐತ್ರೀ. ಬಬಲೇಶ್ವರದವ್ರು ಬಂದ್ರ?”

“ಸಾಕ ಮಾಡ ಯವ್ವಾ!” ಖಂಡಪ್ಪ ಕೈ ಮುಗಿದ. “ದೀಪಾ ಹಚ್ಚಿದ ಮ್ಯಾಲೆ ಅದನ್ನ ಮುಟ್ಟಬ್ಯಾಡ. ಕಸಾ ಮುಂಜಾನೆ ಹೊಡದ್ರಾತು.”

“ನೀವ ಹೇಳಿದ ಮ್ಯಾಲೆ ಮುಗೀತ್ರಿ,” ಅಂದಳು ಸೀತವ್ವ. ವಾಯರು ಸುತ್ತಿ ಮಷೀನನ್ನು ಮಾಡದಲ್ಲಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಖುಷಿಯೇನೂ ಆಗಲಿಲ್ಲ, ಖುಷಿಪಡುವುದಕ್ಕೂ ತ್ರಾಣ ಬೇಕಲ್ಲ. ನಸುಕಿನಲ್ಲಿ ಕಸಬರಿಗೆ ಕಾಯುತ್ತಲೇ ಇರುತ್ತದೆ.

ಮುರಿಗೆವ್ವ ಮೆಲ್ಲಗೆ ಅವಳ ಹತ್ತಿರ ಸರಿದಳು. “ಎರಡರಾಗ ಸಪ್ಪಳದ್ದ ಆರಿಸಿ ತಂದಿ. ಶಾಣ್ಯಾಕಿ!”

ಸೀತವ್ವ ಬೆಚ್ಚಿದಳು. “ತರ್ಲಿ ಅಂದಾವ್ರು ನೀವ ಅಲ್ರಿ ಅತ್ತಿ?”

“ಕಸಾ ಎಲ್ಲಿ ಹೋಗ್ತೈತಿ ಅಂತ ನಾ ಕೇಳಿದ್ದ ಬ್ಯಾಡ ಅನ್ನಾಕ. ಅವ ಚೀಲಾ ಅಂದ, ನನ್ನ ಬಾಯಿ ಕಟ್ಟಿತು.” ಮುದುಕಿ ದನಿ ಇನ್ನೂ ತಗ್ಗಿಸಿದಳು. “ಲಕ್ಷ್ಮಿ ಹೋಗೂದನ್ನ ಯಾರ ಕಂಡಾರ ಬೇ? ಈ ಮಾತ ನನಗ ಹೇಳಿಕೊಟ್ಟಾಕಿ ನಮ್ಮತ್ತಿ. ದಿನಾ ಅರಕೇರಿ ಹೊಲದಾಗ ದುಡದು ಬರ್ತಿದ್ಲು. ಸಂಜಿಗೆ ಆಕಿಗೆ ಮೊಣಕಾಲ ಮಡಚಾಕ ಬರ್ತಿರಲಿಲ್ಲ.”

ಸೀತವ್ವ ಶೇಂಗಾ ಸಿಪ್ಪೆಯನ್ನು ಇನ್ನಷ್ಟು ಅತ್ತ ಸರಿಸಿ, ಅತ್ತೆಯೂ ಕಾಲು ಚಾಚುವಷ್ಟು ಜಾಗ ಮಾಡಿದಳು.